ಬಟ್ಟೆಯ ಬಲಗೈ

ನನ್ನ ನಿವೃತ್ತಿಯ ಸಮಾರಂಭದಲ್ಲಿ ಮಾತಾಡಿದ ಏಳು ಮಂದಿ ಗಣ್ಯರೂ ನಾನು ಅಂಗರಚನಾಶಾಸ್ತ್ರವನ್ನು ಆರಿಸಿಕೊಂಡದ್ದು ಜ್ಞಾನದ ಹಸಿವಿನಿಂದ ಎಂದು ಒಮ್ಮತದ ತೀರ್ಪು ಕೊಟ್ಟರು. ಕೊರಳಲ್ಲಿ ಹಾರ ಇರುವಾಗ ತಕರಾರು ಎತ್ತುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಆ ವಿದ್ಯೆಯನ್ನು ನಾನು ಆರಿಸಿಕೊಳ್ಳಲಿಲ್ಲ. ಅದು ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ದಿನಾ ಸಂಜೆ ಒಳಗೆ ಬರುತ್ತಿತ್ತು. ಆಂಡರ್ಸನ್‌ಪೇಟೆಗೆ ಕೂಗಳತೆಯಲ್ಲಿ, ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳ ಲೈನಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಮಾಡಿಗೆ ತಗಡು, ಗೋಡೆಗೆ ಮಣ್ಣು ಮೆತ್ತಿದ ಬಿದಿರು ತಟ್ಟಿ. ಪಕ್ಕದ ಮನೆಯವರು ಕೆಮ್ಮಿದರೆ ನಮ್ಮ ಅಜ್ಜಿ ಇಲ್ಲಿಂದಲೇ ಔಷಧಿ ಹೇಳುತ್ತಿದ್ದಳು. ಲೈನಿನಲ್ಲಿ ಜಗಳಗಳು ತೆಲುಗಿನಲ್ಲಿ ಶುರುವಾಗಿ, ತಮಿಳಿನಲ್ಲಿ ಬೆಳೆದು, ಕನ್ನಡದಲ್ಲಿ ರಾಜಿಯಾಗುತ್ತಿದ್ದವು. ಮನೆಗೆ ಎರಡು ಬಾಗಿಲು. ಮುಂದಿನದು ಎಲ್ಲರದು, ಹಿಂದಿನದು ಅಪ್ಪನದು.

ಅಪ್ಪ ನಾರಾಯಣಪ್ಪ ಗಣಿಯ ಆಸ್ಪತ್ರೆಯಲ್ಲಿ ಡ್ರೆಸ್ಸರ್. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದವನು, ಹೊಲಿಗೆ ನೀಟಾಗಿ ಹಾಕುತ್ತಾನೆ ಎಂಬ ಒಂದೇ ಗುಣದಿಂದಾಗಿ ಹೆಣದ ಮನೆಗೆ ಬಡ್ತಿ ಪಡೆದಿದ್ದ. ಗಣಿಯೊಳಗೆ ಬಂಡೆ ಸಿಡಿದು ಸತ್ತವರನ್ನು ಮನೆಯವರು ಗುರುತಿಸುವ ಮಟ್ಟಿಗೆ ಜೋಡಿಸಿ, ಬಿಳಿ ಪಟ್ಟಿ ಸುತ್ತಿ ಕಳಿಸುವುದು ಅವನ ಹೊಣೆ. ಅಜ್ಜಿ ಅವನನ್ನು ಹೆತ್ತದ್ದು ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲ ಉಳಲಿಕ್ಕೆಂದು. ಈ ದ್ರೋಹವನ್ನು ಅವಳು ಕ್ಷಮಿಸಲಿಲ್ಲ, ಕಾನೂನು ಮಾಡಿದಳು. ಅಪ್ಪ ಹಿತ್ತಲಿನಿಂದ ಬರಬೇಕು. ಹಂಡೆಯ ಬಿಸಿನೀರನ್ನು ಅಮ್ಮ ದೂರದಿಂದ ಹೊಯ್ಯಬೇಕು. ಬಿಚ್ಚಿದ ಬಟ್ಟೆ ಬೇರೆ ಹಗ್ಗಕ್ಕೆ. ಮುದ್ದೆಗೆ ಬೇರೆ ತಟ್ಟೆ, ಕೂರುವುದಕ್ಕೆ ಜಗುಲಿಯ ಮೂಲೆ, ಒಲೆಯ ಕೋಣೆಗೆ ಪ್ರವೇಶವಿಲ್ಲ. ಇಷ್ಟು ಬಿಗಿಯಾದ ಕಾನೂನಿನಲ್ಲಿ ಒಂದೇ ಒಂದು ವಿನಾಯಿತಿ ಇತ್ತು: ಅವನ ಸಂಬಳಕ್ಕೆ ಸ್ನಾನ ಬೇಕಿರಲಿಲ್ಲ. ಅಪ್ಪ ಇದೆಲ್ಲವನ್ನೂ ಮಳೆಗೆ ನಿಂತ ಎತ್ತಿನಂತೆ ಸಹಿಸುತ್ತಿದ್ದ. ಊಟ ಮಾಡುವಾಗ ಮಾತ್ರ ಕೈಯನ್ನು ತಟ್ಟೆಯ ಮೇಲೆ ಹಿಡಿದು, ಬೆರಳು ಮಡಚಿ ಬಿಡಿಸಿ, ಯಾರದೋ ಸಾಮಾನು ಎರವಲು ತಂದವನ ಹಾಗೆ ನೋಡಿಕೊಳ್ಳುತ್ತಿದ್ದ.

ನಮ್ಮ ಲೈನಿನ ಸಾವಿಗೆ ಒಂದು ಪದ್ಧತಿ ಇತ್ತು. ಗಂಡ ಸತ್ತರೆ, ಚಟ್ಟ ಎತ್ತುವ ಮೊದಲು, ಮನೆಯ ಮುಂದೆ ಹೆಂಡತಿ ಅವನ ಬಲಗೈಗೆ ಎಲೆ ಅಡಿಕೆ ಇಟ್ಟು ಬೆರಳು ಮುಚ್ಚಬೇಕು. ಅದು ಕಡೆಯ ಎಲೆ. ಅದನ್ನು ಈಸಿಕೊಳ್ಳದ ಗಂಡಸು ಹೊರಡುವುದಿಲ್ಲ, ಹೊಸಿಲ ಹತ್ತಿರವೇ ಕಾದು ನಿಂತಿರುತ್ತಾನೆ ಎಂಬುದು ನಂಬಿಕೆ. ನಾನು ಹುಟ್ಟುವುದಕ್ಕೂ ಮುಂಚೆ ಒಬ್ಬ ಹೆಂಗಸು ಎಲೆ ಹಿಡಿದುಕೊಂಡು, ಪಟ್ಟಿ ಸುತ್ತಿದ ಮೊಣಕೈಯ ಮುಂದೆ ಏನೂ ಇಲ್ಲದ್ದನ್ನು ಕಂಡು, ಎಲ್ಲಿಗೆ ಇಡಲಣ್ಣಾ ಎಂದು ಅಪ್ಪನನ್ನು ಕೇಳಿದಳಂತೆ. ಮನೆಗೆ ಬಂದವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಅಮ್ಮ ತನ್ನ ಹಳೆಯ ಸೀರೆಯ ಸೆರಗು ಕತ್ತರಿಸಿ ಒಂದು ಕೈ ಹೊಲಿದಳು. ನಮ್ಮ ಮನೆಯ ಗೃಹಕೈಗಾರಿಕೆ ಹೀಗೆ ಉದ್ಘಾಟನೆಯಾಯಿತು. ಲೈನಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಪಟ್ಟಿಯೊಳಗಿರುವುದು ಗಂಡನ ಕೈಯೇ ಎಂದು ಹೆಂಗಸರು ನಂಬುತ್ತಿದ್ದರು, ಎಲೆ ಇಡುತ್ತಿದ್ದರು, ಅಳುತ್ತಿದ್ದರು, ಆಮೇಲೆ ಬದುಕುತ್ತಿದ್ದರು.

ಕೈ ಮಾಡುವ ಕ್ರಮವನ್ನು ನಾನು ಇವತ್ತಿಗೂ ಪಾಠದ ಹಾಗೆ ಒಪ್ಪಿಸಬಲ್ಲೆ. ಹಳೆಯ ಸೀರೆ ಎರಡು ಪದರ ಹಾಸಬೇಕು. ಅದರ ಮೇಲೆ ಕೈಯಿಟ್ಟು ಇದ್ದಿಲಿನಲ್ಲಿ ಗೆರೆ ಎಳೆದು, ಗಂಡಸಿನ ಅಳತೆಗೆ ಸುತ್ತಲೂ ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಬೆರಳಿಗೆ ಬಿದಿರು ಸೀಳು, ಮಾಂಸಕ್ಕೆ ತೌಡು. ಅಷ್ಟಕ್ಕೇ ತೂಕ ಬರುವುದಿಲ್ಲವೆಂದು ಅಪ್ಪ ಸೈನೈಡ್ ದಿಬ್ಬದ ಬೂದು ಮರಳನ್ನು ತಂದಿಟ್ಟಿದ್ದ. ಚಿನ್ನ ತೆಗೆದು ಮಿಕ್ಕ ಮಣ್ಣನ್ನು ಗುಡ್ಡಗುಡ್ಡವಾಗಿ ಸುರಿಯುತ್ತಿದ್ದರಲ್ಲ, ಅದು. ಚಿನ್ನ ಅವರಿಗೆ, ಮಣ್ಣು ಇವನಿಗೆ ಎಂದು ಅಜ್ಜಿ ಗೊಣಗುತ್ತಿದ್ದಳು. ಬಟ್ಟೆಯ ಕೈ ಯಾವತ್ತೂ ಬದುಕಿರಲಿಲ್ಲವಾದ್ದರಿಂದ ಅದಕ್ಕೆ ಸಾವಿನ ಮೈಲಿಗೆಯಿಲ್ಲ ಎಂದು ಅವಳೇ ತೀರ್ಪು ಕೊಟ್ಟು, ನಡುಮನೆಯಲ್ಲಿ ಹೊಲಿಯಲು ಅಪ್ಪಣೆ ಕೊಟ್ಟಿದ್ದಳು. ಅತ್ತ ಮುಖ ತಿರುಗಿಸಿ ಅವರೆಕಾಯಿ ಸುಲಿಯುತ್ತಲೇ, ಎಬ್ಬೆಟ್ಟು ದಪ್ಪ ಆಯ್ತು, ಕಿರುಬೆರಳು ಉದ್ದ ಆಯ್ತು ಎಂದು ತಜ್ಞರ ಅಭಿಪ್ರಾಯ ಬೇರೆ. ನಾನು ಏಳನೇ ವಯಸ್ಸಿನಲ್ಲಿ ತೌಡು ತುಂಬುವುದಕ್ಕೆ ನೇಮಕವಾದೆ, ಒಂಬತ್ತಕ್ಕೆ ಹೊಲಿಗೆ. ಹಗಲು ಮಿಷನ್ ಶಾಲೆಯಲ್ಲಿ ಕಸೂತಿ ಕಲಿಸುತ್ತಿದ್ದ ಮೇಡಂ ನನ್ನ ಹೊಲಿಗೆಯನ್ನು ಬಹಳ ಮೆಚ್ಚಿಕೊಂಡು, ಮನೆಯಲ್ಲಿ ಏನು ಹೊಲಿಯುತ್ತೀ ಎಂದು ಕೇಳಿದ್ದರು. ತಲೆದಿಂಬು ಎಂದಿದ್ದೆ.

ಗೆರೆ ಎಳೆಯುವ ಕೆಲಸವೊಂದನ್ನು ಮಾತ್ರ ಅಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದರಲ್ಲೊಂದು ಸೂಕ್ಷ್ಮವಿತ್ತು. ಇದ್ದಿಲು ಬಲಗೈಯಲ್ಲಿರುವುದರಿಂದ ಬಟ್ಟೆಯ ಮೇಲೆ ಇಡಬೇಕಾದ್ದು ಎಡಗೈಯನ್ನೇ. ಅದನ್ನು ಬೋರಲು ಇಟ್ಟು ಗೆರೆ ಎಳೆದರೆ ಎಡಗೈ ಆಗುತ್ತದೆ. ಅಂಗಾತ ಇಟ್ಟು, ಅಂಗೈ ಆಕಾಶ ನೋಡುವ ಹಾಗೆ ಇಟ್ಟು ಎಳೆದರೆ ಬಲಗೈ. ಗೆರೆ ಬಿದ್ದ ಮಗ್ಗುಲು ಹಿಂಗೈ, ಅದರ ಹಿಂದಿನ ಮಗ್ಗುಲಿಗೆ ಬೆರಳು ಬಗ್ಗಿಸಿ ಎರಡೆರಡು ಹೊಲಿಗೆ. ಇಷ್ಟೇ. ಮುಂದೆ ಮೂವತ್ತು ವರ್ಷ ಮೆಡಿಕಲ್ ಕಾಲೇಜಿನ ಮೌಖಿಕ ಪರೀಕ್ಷೆಗಳಲ್ಲಿ ಮಣಿಕಟ್ಟಿನ ಕಡಲೆಕಾಳಿನಷ್ಟು ಮೂಳೆಯನ್ನು ಹುಡುಗರ ಅಂಗೈಯಲ್ಲಿಟ್ಟು ಎಡವೋ ಬಲವೋ ಎಂದು ಕೇಳಿ, ಎಷ್ಟೋ ಮಂದಿ ಭಾವೀ ವೈದ್ಯರ ಬೆವರಿಳಿಸಿದ್ದೇನೆ. ಅಷ್ಟು ಸಣ್ಣ ವಿಷಯಕ್ಕೆ ಫೇಲು ಮಾಡುತ್ತಾರೆ ಎಂದು ಅವರು ಪ್ರಿನ್ಸಿಪಾಲರಿಗೆ ಅರ್ಜಿ ಬರೆದದ್ದೂ ಉಂಟು. ಅರ್ಜಿಯಲ್ಲಿ ಸಣ್ಣ ವಿಷಯ ಎಂಬ ಮಾತಿಗೆ ನಾನು ಕೆಂಪು ಶಾಯಿಯ ಗೆರೆ ಎಳೆದಿದ್ದೆ.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನೆಲ ನಡುಗಿತು. ನಡುಗುವುದು ನಮಗೆ ಹೊಸದಲ್ಲ. ಕೆಳಗೆಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಹಲಗೆಯ ಮೇಲಿನ ತಪ್ಪಲೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಜ್ಜಿ ಎದ್ದು ಹೋಗಿ ಅವುಗಳ ಮೇಲೆ ಕೈಯಿಟ್ಟು ಸುಮ್ಮನಾಗಿಸುತ್ತಿದ್ದಳು. ಅವತ್ತು ಎಷ್ಟು ಹೊತ್ತಾದರೂ ಅವು ಸುಮ್ಮನಾಗಲಿಲ್ಲ. ಆಮೇಲೆ ಗಣಿಯ ಸೈರನ್ ಕೂಗಿತು, ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬಂದರು. ಮಾರನೆಯ ದಿನ ಹೊತ್ತೇರುವ ಹೊತ್ತಿಗೆ ಮೂವರನ್ನು ಮೇಲೆ ತಂದರು. ಅವರಲ್ಲಿ ಒಬ್ಬ ನಮ್ಮಿಂದ ನಾಲ್ಕನೆಯ ಮನೆಯ ವೆಂಕಟೇಶಪ್ಪ, ಮುನಿಯಮ್ಮನ ಗಂಡ. ಮಾತು ಕಮ್ಮಿಯ ಮನುಷ್ಯ. ಶನಿವಾರದ ಸಂತೆಯಿಂದ ಬರುವಾಗ ಲೈನಿನ ಮಕ್ಕಳಿಗೆಲ್ಲ ಒಂದೊಂದು ಹಿಡಿ ಕಡಲೆಪುರಿ ಕೊಡುತ್ತಿದ್ದ. ಬಲಗೈ ಒಂದು ಬೇಕು ಎಂದು ಅಪ್ಪ ಆಸ್ಪತ್ರೆಯಿಂದ ಹೇಳಿಕಳಿಸಿದ. ಯಾರಿಗೆ ಎಂದು ಹೇಳಿರಲಿಲ್ಲ. ಕೇಳಬಾರದು ಎಂಬುದೂ ಮನೆಯ ಕಾನೂನೇ.

ಅಮ್ಮ ಚಳಿಜ್ವರದಲ್ಲಿ ಮೂರು ಕಂಬಳಿಯ ಕೆಳಗೆ ನಡುಗುತ್ತಿದ್ದಳು. ಎದ್ದು ಕೂತಳು, ಕೂರಲಾರದೆ ಮತ್ತೆ ಮಲಗಿದಳು. ನಾನು ಹೇಳಿಕೊಡ್ತೀನಿ, ಹಾಗೇ ಮಾಡು ಅಂದಳು. ನನಗೆ ಎಲ್ಲ ಗೊತ್ತು ಎಂದೆ. ಆ ಮಾತನ್ನು ಎಷ್ಟು ಠೀವಿಯಿಂದ ಹೇಳಿದೆನೆಂದರೆ, ಮುಂದೆ ಪ್ರೊಫೆಸರಾಗಿ ಮಾಡಿದ ಯಾವ ಭಾಷಣದಲ್ಲೂ ನನಗೆ ಅಷ್ಟು ಠೀವಿ ಬರಲಿಲ್ಲ. ಅಮ್ಮನ ಪೆಟ್ಟಿಗೆಯಿಂದ ಮಾವಿನಕಾಯಿ ಅಂಚಿನ ಹಸಿರು ಸೀರೆ ತೆಗೆದೆ, ಹಾಸಿದೆ, ಎಡಗೈಯನ್ನು ಸುಖವಾಗಿ ಬೋರಲು ಇಟ್ಟೆ, ಗೆರೆ ಎಳೆದೆ. ಹೊಲಿದೆ, ತುಂಬಿದೆ, ಬೆರಳು ಬಗ್ಗಿಸಿದೆ. ಯಾರೂ ಹೇಳದಿದ್ದರೂ ಜಾಣತನ ತೋರಿಸಿ, ಬೆರಳು ಬೆರಳಿಗೂ ಬಿಳಿ ಪಟ್ಟಿ ಸುತ್ತಿ ಮುಗಿಸಿದೆ. ಅಪ್ಪನ ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಅದನ್ನು ಮಲಗಿಸಿ, ಕೆಳಗಿನ ಡಬ್ಬಿಯಲ್ಲಿ ಮುದ್ದೆ ಮತ್ತು ಉಪ್ಪುಸಾರು ಇಟ್ಟು, ಆಸ್ಪತ್ರೆಯ ಗೇಟಿಗೆ ಕೊಟ್ಟು ಬಂದೆ. ಅಪ್ಪ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಮೂರು ದೇಹಗಳ ನಡುವೆ ನಿಂತವನು, ನಾನು ನೀಟಾಗಿ ಸುತ್ತಿ ಕಳಿಸಿದ್ದನ್ನು ಬಿಚ್ಚಿ ನೋಡದೆ ಮಣಿಕಟ್ಟಿಗೆ ಹೊಲಿದುಬಿಟ್ಟ. ಮುದ್ದೆಯನ್ನು ಮುಟ್ಟಿರಲಿಲ್ಲ.

ಅದೇ ಮಧ್ಯಾಹ್ನ ವೆಂಕಟೇಶಪ್ಪನನ್ನು ಮನೆಯ ಮುಂದೆ ಚಟ್ಟದ ಮೇಲೆ ಮಲಗಿಸಿದ್ದರು. ಇಡೀ ಲೈನು ನಿಂತಿತ್ತು. ನಾನು ಅಜ್ಜಿಯ ಸೆರಗು ಹಿಡಿದು ಮುಂದಿನ ಸಾಲಿನಲ್ಲಿದ್ದೆ. ಬೆರಳು ಬೆರಳಿಗೂ ಸುತ್ತಿದ ಪಟ್ಟಿ ಕಂಡು ಅದು ನಾನು ಮಾಡಿದ ಕೈಯೇ ಎಂದು ತಿಳಿಯಿತು. ಅಳುವುದರ ಜೊತೆಗೆ ನನ್ನ ಕೆಲಸ ಹೇಗೆ ಕಾಣುತ್ತದೆಂದು ನೋಡುವ ಆಸೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮುನಿಯಮ್ಮ ಎಲೆ ಅಡಿಕೆ ಹಿಡಿದು ಬಂದು ಕೂತಳು. ಪಟ್ಟಿಯ ಕೈಯನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು. ಎಲೆಯನ್ನು ಹೆಬ್ಬೆರಳಿನ ಕೆಳಗೆ ಸಿಗಿಸಲು ಹೋದಳು. ಹೆಬ್ಬೆರಳು ಇರಬೇಕಾದ ಕಡೆ ಕಿರುಬೆರಳು ಸಿಕ್ಕಿತು. ಒಂದು ಸಲ ಆ ಕಡೆ ತಡವಿದಳು, ಒಂದು ಸಲ ಈ ಕಡೆ. ಅಳು ನಿಂತಿತು. ತಲೆ ಎತ್ತದೆ, ಯಾರಿಗೆಂದು ಇಲ್ಲದೆ ಹೇಳಿದಳು:

"ಇದು ಎಡಗೈ. ನಮ್ಮಾಯಪ್ಪ ಎಡಗೈಲಿ ಏನೂ ಈಸ್ಕಂತಾ ಇರ್ಲಿಲ್ಲ."

ಅವಳ ಭಾವ, ವೆಂಕಟೇಶಪ್ಪನ ಅಣ್ಣ, ಮುಂದೆ ಬಂದು ಕುಡುಗೋಲಿನ ತುದಿಯಿಂದ ಪಟ್ಟಿ ಕೊಯ್ದ. ಮೊದಲು ತೌಡು ಉದುರಿತು, ಆಮೇಲೆ ಬೂದು ಮರಳು, ಆಮೇಲೆ ಹಸಿರು ಬಟ್ಟೆಯ ಮೇಲೆ ಮಾವಿನಕಾಯಿ ಅಂಚು ಕಂಡಿತು. ಆ ಸೀರೆಯನ್ನು ಅಮ್ಮ ಮೂರು ಸಂಕ್ರಾಂತಿಗೆ ಉಟ್ಟಿದ್ದಳು. ಲೈನಿನ ಹೆಂಗಸರಿಗೆ ಒಬ್ಬರ ಸೀರೆ ಒಬ್ಬರಿಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು. ಯಾರೂ ಹೆಸರು ಹೇಳಲಿಲ್ಲ, ಎಲ್ಲರೂ ನಮ್ಮ ಕಡೆ ತಿರುಗಿದರು. ಅಪ್ಪ ಚಟ್ಟದ ತಲೆಯ ಕಡೆ ನಿಂತಿದ್ದ. ಅವನೂ ಆಗಲೇ ಹೆಬ್ಬೆರಳನ್ನು ಕಂಡದ್ದು.

"ನಾರಾಯಣಪ್ಪ, ನಮ್ ತಮ್ಮುನ್ಗೆ ಸೀರೆ ತುಂಡು ಕಟ್ಟಿ ಕಳಿಸಿದ್ಯೇನಯ್ಯ? ಯಾರ್ ಮಾಡಿದ್ದು ಇದು?"

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವನು ಎಷ್ಟು ಕಷ್ಟಪಟ್ಟನೆಂಬುದು ಅವನ ಕತ್ತಿನ ನರದಲ್ಲಿ ಕಾಣುತ್ತಿತ್ತು.

"ನಾನೇ ಮಾಡಿದ್ದು. ಆತುರದಾಗೆ ನೋಡ್ಲಿಲ್ಲ."

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಭುಜವನ್ನು ಎಂಥ ಹಿಡಿತ ಹಿಡಿದಳೆಂದರೆ, ಆ ಐದು ಬೆರಳಿನ ಗುರುತು ವಾರದವರೆಗೂ ಇತ್ತು. ಬಾಯಿ ಮುಚ್ಚಿದೆ. ಭಾವ ಬಟ್ಟೆಯ ಕೈಯನ್ನು ಕಿತ್ತು ಚರಂಡಿಗೆ ಎಸೆದ. ಎಲೆ ಅಡಿಕೆಯನ್ನು ಯಾರೋ ಹಿರಿಯರು ಸತ್ತವನ ಎದೆಯ ಮೇಲಿಟ್ಟರು. ಅದು ಈಸಿಕೊಂಡ ಹಾಗಾಗಲಿಲ್ಲ ಎಂಬುದು ಇಟ್ಟವರಿಗೂ ಗೊತ್ತಿತ್ತು. ಹಾಗೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದರು.

ಮಾರನೆಯ ದಿನ ನಮ್ಮ ಮನೆಗೆ ಹೆಂಗಸರು ಬರತೊಡಗಿದರು. ಜಗಳಕ್ಕೆ ಬಂದಿದ್ದರೆ ಅಜ್ಜಿ ಒಬ್ಬಳೇ ಸಾಕಿತ್ತು. ಅವರು ಜಗಳಕ್ಕೆ ಬರಲಿಲ್ಲ. ಒಬ್ಬೊಬ್ಬರೇ, ಹಿತ್ತಲ ಬಾಗಿಲಿಗೆ, ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಹಿಂದಿನ ವರ್ಷಗಳ ವಿಧವೆಯರು. ಎಲ್ಲರ ಪ್ರಶ್ನೆಯೂ ಒಂದೇ: ನಮ್ಮವರ ಕೈ ನಿಜದ್ದಾಗಿತ್ತಾ? ಅಪ್ಪ ಜಗುಲಿಯ ಮೂಲೆಯಿಂದ ಎದ್ದು ನಿಂತು, ಪ್ರತಿಯೊಬ್ಬಳಿಗೂ, ನಿಜದ್ದೇ ತಾಯಿ ಎಂದ. ಆರು ಜನ ಬಂದರು. ಆ ಆರರಲ್ಲಿ ನಾಲ್ಕು ಕೈಗಳಿಗೆ ತೌಡು ತುಂಬಿದವಳು ನಾನೇ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಮೂರನೆಯವಳ ಹೊತ್ತಿಗೆ ಧ್ವನಿ ಒಡೆಯಿತು, ಐದನೆಯವಳಿಗೆ ತಲೆಯಾಡಿಸಿದ ಅಷ್ಟೇ. ಕಡೆಯವಳು ವಯಸ್ಸಾದ ತಮಿಳು ಹೆಂಗಸು. ಅವಳು ನಿಜವೋ ಸುಳ್ಳೋ ಎಂದು ಕೇಳಲೇ ಇಲ್ಲ. ವಲದು ಕೈ ತಾನೇ ಎಂದಳು. ಬಲಗೈಯೇ ತಾನೇ? ಅಪ್ಪ ಹೌದು ಎಂದ. ಆ ದಿನ ಅವನು ಆಡಿದ್ದರಲ್ಲಿ ಅನುಮಾನವಿಲ್ಲದ ನಿಜ ಅದೊಂದೇ ಇರಬೇಕು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಬಿಸಿಲು ಕಾಯಿಸಿಕೊಂಡು ಹೋದಳು. ಸಂಜೆ ಲೈನಿನ ಹಿರಿಯರು ಬಂದು, ಇನ್ನು ಮುಂದೆ ನಮ್ಮ ಹೆಣ ಮುಟ್ಟಬೇಡ ಎಂದು ಮರ್ಯಾದೆಯಿಂದಲೇ ಹೇಳಿದರು. ಅವತ್ತು ಅಜ್ಜಿ ತನ್ನ ಕಾನೂನು ಮರೆತು ಅಪ್ಪನನ್ನು ಒಲೆಯ ಮುಂದೆ ಕೂರಿಸಿ ಮುದ್ದೆ ಬಡಿಸಿದಳು. ಅವನಿಗೆ ಅದು ಗಮನಕ್ಕೇ ಬರಲಿಲ್ಲ.

ಮೂರನೆಯ ದಿನ ಗುಂಡಿಗೆ ಹಾಲು ತುಪ್ಪ ಬಿಡುವುದು. ಅವತ್ತು ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಮುನಿಯಮ್ಮ ನಮ್ಮ ಹಿತ್ತಲಿಗೆ ಬಂದಳು. ಕಂಕುಳಲ್ಲಿ ಒಂದು ಹಳೆಯ ಪಂಚೆ ಇತ್ತು. ಹೊಸಿಲ ಹತ್ತಿರ ನಿದ್ದೆ ಬರುತ್ತಿಲ್ಲ ಎಂದಳು. ತನಗೋ, ಕಾದು ನಿಂತವನಿಗೋ ಎಂದು ಹೇಳಲಿಲ್ಲ. ಪಂಚೆಯನ್ನು ಅಪ್ಪನ ಮುಂದಿಟ್ಟಳು.

"ಅಣ್ಣಾ, ಇದು ಆಯಪ್ಪಂದೇ. ಇದ್ರಾಗೆ ಒಂದು ಬಲಗೈ ಮಾಡ್ಕೊಡು. ನನ್ನೆದ್ರಿಗೇ ಮಾಡು. ಇವತ್ತು ಎಲೆ ಇಟ್ಟು ಗುಂಡಿಗೆ ಮುಚ್ತೀನಿ."

ಬಟ್ಟೆ ಎಂದು ಗೊತ್ತಿದ್ದೂ ಕೇಳುತ್ತಿದ್ದಾಳೆ ಎಂಬುದು ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ಒಳಗೆ ಜ್ವರದ ಮತ್ತಿನಲ್ಲಿದ್ದಳು. ನಾನೇ ಮಾಡಿದ್ದು ಎಂದು ಇಡೀ ಲೈನಿನ ಮುಂದೆ ಹೇಳಿದವನು ಈಗ ಬೇರೆಯವರನ್ನು ಕರೆಯುವ ಹಾಗಿರಲಿಲ್ಲ. ನಡುಮನೆಯಲ್ಲಿ ಪಂಚೆ ಹಾಸಿದ, ಇದ್ದಿಲು ಹಿಡಿದ, ಎಡಗೈಯನ್ನು ಬಟ್ಟೆಯ ಮೇಲೆ ಇಟ್ಟ. ಬೋರಲು ಇಟ್ಟ. ನಾನು ಇಟ್ಟ ಹಾಗೆಯೇ. ಇಷ್ಟು ವರ್ಷ ಮಾಡಿಟ್ಟ ಕೈಗಳನ್ನು ಒಯ್ದವನೇ ಹೊರತು ಅವನು ಒಂದನ್ನೂ ಮಾಡಿರಲಿಲ್ಲ. ಇದ್ದಿಲು ಬಟ್ಟೆಗೆ ತಾಗುವುದರಲ್ಲಿತ್ತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು:

"ಅಪ್ಪಾ, ಅಂಗಾತ."

ಅಪ್ಪನ ಕೈ ನಿಂತಿತು. ಮುನಿಯಮ್ಮ ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ. ತೀರಾ ನಿಧಾನವಾಗಿ ನೋಡಿದಳು. ಮಗು ಅವ್ರಮ್ಮ ಮಾಡೋದನ್ನ ನೋಡ್ತಾ ಇರ್ತದೆ ಎಂದು ಅಪ್ಪ ಗಡಿಬಿಡಿಯಲ್ಲಿ ಏನೋ ಹೇಳಿದ. ಊಂ, ನೋಡ್ತಾ ಇರ್ತವೆ ಮಕ್ಳು ಎಂದಳು ಅವಳು. ಅಪ್ಪನ ಕೈಯಿಂದ ಇದ್ದಿಲು ತೆಗೆದುಕೊಂಡು ನನಗೆ ಕೊಟ್ಟಳು.

ಅಪ್ಪನ ಎಡಗೈಯನ್ನು ಅಂಗಾತ ಮಲಗಿಸಿ ನಾನು ಗೆರೆ ಎಳೆದೆ. ಮುನಿಯಮ್ಮ ಪಕ್ಕದಲ್ಲಿ ಕೂತು ಹೇಳುತ್ತಾ ಹೋದಳು. ಕಿರುಬೆರಳಿನ ಮಧ್ಯದ ಗೆಣ್ಣು ನೆಟ್ಟಗಾಗುತ್ತಿರಲಿಲ್ಲ, ಸುತ್ತಿಗೆ ಏಟು ಬಿದ್ದಾಗಿನಿಂದ ಬಗ್ಗಿಯೇ ಇತ್ತು. ಹೆಬ್ಬೆರಳಿನ ಬುಡ ದಪ್ಪ, ಅಲ್ಲಿ ಇನ್ನೊಂದು ಚೂರು ತೌಡು. ತೋರುಬೆರಳಿಗಿಂತ ಉಂಗುರದ ಬೆರಳು ಒಂದು ಭತ್ತದಷ್ಟು ಉದ್ದ. ಅಂಗೈ ಮಧ್ಯ ಗುಳಿ ಬಿಡು, ಆಯಪ್ಪ ಮಕ್ಕಳಿಗೆ ಕಡಲೆಪುರಿ ಕೊಡುವಾಗ ಅಲ್ಲಿ ನಿಲ್ಲುತ್ತಿತ್ತು. ಕೈಯೊಂದನ್ನು ಅಷ್ಟು ಸ್ಪಷ್ಟವಾಗಿ ಬಲ್ಲವರನ್ನು ನಾನು ಮುಂದೆ ಯಾವ ಕಾಲೇಜಿನಲ್ಲೂ ಕಾಣಲಿಲ್ಲ. ನನಗೆ ಕಲಿಸಿದವರಲ್ಲಿಲ್ಲ, ನಾನು ಕಲಿಸಿದವರಲ್ಲಂತೂ ಇಲ್ಲ. ಮರಳನ್ನು ಅವಳೇ ತುಂಬಿ ತೂಗಿ ನೋಡಿದಳು, ಸ್ವಲ್ಪ ತೆಗೆದಳು. ಮುಗಿದ ಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕೇಳಿದಳು, ಬಲಗೈ ತಾನೇ ಎಂದು. ನಾನು ನನ್ನ ಬಲಗೈಯನ್ನು ಅದರ ಪಕ್ಕದಲ್ಲಿಟ್ಟೆ. ಹಿಂಗೈ ನೋಡಿದೆ, ತಿರುಗಿಸಿ ಅಂಗೈ ನೋಡಿದೆ, ಹೆಬ್ಬೆರಳನ್ನು ಎರಡು ಸಲ ಮುಟ್ಟಿ ನೋಡಿದೆ. ಬಲಗೈ ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೆಗೆದು ಆ ಗುಳಿಯಲ್ಲಿಟ್ಟಳು, ಹೆಬ್ಬೆರಳಿನ ಕೆಳಗೆ ತೊಟ್ಟು ಸಿಗಿಸಿ ಒಂದೊಂದೇ ಬೆರಳು ಮುಚ್ಚಿದಳು. ಬಗ್ಗಿದ ಕಿರುಬೆರಳನ್ನು ಕಡೆಗೆ. ಆಮೇಲೆ ಅತ್ತಳು. ಚಟ್ಟದ ಮುಂದೆ ನಿಂತುಹೋಗಿದ್ದ ಅಳು ಮತ್ತೆ ಅಲ್ಲಿಂದಲೇ ಹಿಡಿದುಕೊಂಡಿತು.

ಹೋಗುವಾಗ ಹಿತ್ತಲ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ, ಅಪ್ಪನಿಗೆ ಹೇಳಿದಳು:

"ನೀನ್ ಮಾಡಿದ್ದು ಅಂತ್ಲೇ ಇರ್ಲಿ ಕಣಣ್ಣ. ಎಣ್ಮಗು."

ಹಾಗೆಯೇ ಇತ್ತು. ಲೈನಿನವರು ಅಪ್ಪನಿಗೆ ಎಡಗೈ ನಾರಾಯಣಪ್ಪ ಎಂದು ಹೆಸರಿಟ್ಟರು. ಆಸ್ಪತ್ರೆಯಲ್ಲಿ ಅವನು ಪಟ್ಟಿ ಕುದಿಸುವ ಕೆಲಸಕ್ಕೆ ಹೋದ, ಅಲ್ಲಿಗೂ ಆ ಹೆಸರು ಹೋಯಿತು. ನಾನು ಮೆಡಿಕಲ್ ಓದಿ, ಹುಡುಗರಿಗೆ ಕೈಯ ಪಾಠ ಹೇಳಲು ಮೊದಲ ಸಲ ನಿಂತ ವರ್ಷ ಅವನು ತೀರಿಕೊಂಡ. ಆ ಸಾವಿಗೆಂದು ಮಾರಿಕುಪ್ಪಂ ರೈಲಿನಿಂದ ಇಳಿದು ಲೈನಿಗೆ ನಡೆದು ಬರುವಾಗ ದಾರಿಯಲ್ಲಿ ಒಬ್ಬ ಮುದುಕ ಇನ್ನೊಬ್ಬನಿಗೆ ಹೇಳುತ್ತಿದ್ದ, ಈ ಯಮ್ಮ ಎಡಗೈ ನಾರಾಯಣಪ್ಪನ ಮಗಳಂತೆ, ಡಾಕ್ಟ್ರಂತೆ, ಅಪ್ಪಂಗೆ ಎಡ ಬಲ ಗೊತ್ತಿರ್ಲಿಲ್ಲ ನೋಡು ಎಂದು. ನಾನು ನಿಲ್ಲಲಿಲ್ಲ. ಈ ಪುಟ ಬರೆಯುವವರೆಗೂ ಆ ಮಾತನ್ನು ತಿದ್ದಿರಲಿಲ್ಲ.